ಹಗ್ಗದ ಕೊನೆಯ ಕೈ

ಹಡಗು ಹತ್ತುವ ಮುಂಚೆ ಜೆನೋರಾ ಎಂಟು ದಿನಗಳ ಊಟ ಮಾಡಿಟ್ಟಳು. ಐಸ್‌ಕ್ರೀಮಿನ ಖಾಲಿ ಡಬ್ಬಿಗಳನ್ನು ವರ್ಷವಿಡೀ ತೊಳೆದು ಕೂಡಿಟ್ಟಿದ್ದು ಉಪಯೋಗಕ್ಕೆ ಬಂತು. ಒಂದೊಂದರ ಮೇಲೂ ಬಿಳಿ ಪಟ್ಟಿ ಅಂಟಿಸಿ ಬರೆದಳು: ಸೋಮವಾರ, ತೊಗರಿಕಾಳಿನ ಅನ್ನ. ಮಂಗಳವಾರ, ಉಪ್ಪುಮೀನು. ಬುಧವಾರ, ತೆಂಗಿನಹಾಲಲ್ಲಿ ಬೇಯಿಸಿದ ದೀವಿಹಲಸು. ಅತ್ತೆಗೆ ಹಲ್ಲಿಲ್ಲದ್ದರಿಂದ ಅವಳ ಪಾಲನ್ನು ಬೇರೆಯಾಗಿ ಮಿದ್ದು, ಚಿಕ್ಕ ಡಬ್ಬಿಗಳಿಗೆ ತುಂಬಿದಳು. ಫ್ರೀಜರಿನ ಬಾಗಿಲು ಹಾಕಲು ಮೊಣಕಾಲು ಕೊಟ್ಟು ಒತ್ತಬೇಕಾಯಿತು.

"ಇಷ್ಟೆಲ್ಲ ಯಾಕೆ ಮಾಡ್ತೀಯ?" ಎಂದ ಗಂಡ ಆಸ್ಬರ್ಟ್, ಹಿಂದೆ ನಿಂತು. "ನಾನೇನು ಮಗುವಾ?"

"ಅಲ್ವಾ?"

"ಎಷ್ಟು ಹೊತ್ತು ಬಿಸಿ ಮಾಡಬೇಕು ಅಂತ ಇದರ ಮೇಲೆ ಬರೆದಿಲ್ವಲ್ಲ."

ಜೆನೋರಾ ಫ್ರೀಜರ್ ಮತ್ತೆ ತೆರೆದು, ಡಬ್ಬಿಗಳನ್ನು ಹೊರಗೆ ತೆಗೆದು, ಪೆನ್ನು ಹುಡುಕಿ ಅದನ್ನೂ ಬರೆದಳು.

ಅವಳನ್ನು ಹಡಗಿಗೆ ಕರೆದದ್ದೂ ಅವಳನ್ನು ಕೇಳಿಯಲ್ಲ. ಕ್ಯಾಪ್ಟನ್ ಸಿಪ್ರಿಯನ್ ಅವಳ ಚಿಕ್ಕಮ್ಮನ ಮಗ, ಓರಗೆಯವನು. ಒಂದು ಭಾನುವಾರ ಚರ್ಚಿನಿಂದ ನೇರ ಅವರ ಜಗಲಿಗೆ ಬಂದು, ಆಸ್ಬರ್ಟನ ಪಕ್ಕ ಕೂತು, ಅರ್ಧ ಲೋಟ ರಮ್ ಮುಗಿಸಿದ ಮೇಲೆ ವಿಷಯ ತೆಗೆದ.

"ಸೇಂಟ್ ಲೂಸಿಯಾಕ್ಕೆ ಹೋಗಿಬರ್ತಿದೀವಿ. ಹನ್ನೊಂದು ಹೊಟ್ಟೆ. ನಿನ್ನ ಹೆಂಡತೀನ ಎಂಟು ದಿನ ಕೊಡ್ತೀಯೇನಯ್ಯಾ?"

"ಕರ್ಕೊಂಡು ಹೋಗು. ಆದರೆ ವಾಪಸ್ ತಂದುಬಿಡು. ಇಲ್ಲಿ ಅಮ್ಮ ಇದಾಳೆ, ಕೋಳಿಗಳಿವೆ."

"ನಾನು ಇಲ್ಲೇ ಇದೀನಿ" ಎಂದಳು ಜೆನೋರಾ, ಬಾಗಿಲಲ್ಲಿ ನಿಂತು.

"ಇದೀಯಾ? ಹಾಗಾದರೆ ಇನ್ನೊಂದಿಷ್ಟು ಐಸ್ ತಗೊಂಬಾ" ಎಂದ ಆಸ್ಬರ್ಟ್.

ಸಿಪ್ರಿಯನ್ ಹೊರಟಾಗ ಜೆನೋರಾ ಗೇಟಿನವರೆಗೂ ಹೋದಳು. ಅಲ್ಲಿ ಅವನ ತೋಳು ಹಿಡಿದು ನಿಲ್ಲಿಸಿದಳು.

"ಸಿಪ್ರಿ, ಅಡುಗೆ ಮಾಡ್ತೀನಿ. ಆದರೆ ನಾನು ಬರ್ತಿರೋದು ಅದಕ್ಕಲ್ಲ. ಚುಕ್ಕಾಣಿ ಹಿಡಿಯೋಕೆ."

"ಅದಕ್ಕೇನಂತೆ! ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಚುಕ್ಕಾಣಿ. ನಿಮ್ಮಪ್ಪನೇ ಮಾಡಿಟ್ಟು ಹೋದ ಕಟ್ಟಳೆ. ನಿನಗೆ ಇಲ್ಲ ಅಂತೀನಾ?"

ಆ ಮಾತನ್ನು ಜೆನೋರಾ ಗಟ್ಟಿಯಾಗಿ ಹಿಡಿದುಕೊಂಡಳು.

ಹಡಗಿನ ಹೆಸರು 'ಮಿಸ್ ರೋಸಾಲಿ'. ಹಾಯಿ ಕಟ್ಟುವ ಎರಡು ಕೂವೆಮರಗಳ, ಮರದ ಹಾಯಿಹಡಗು. ಕ್ಯಾರಿಯಕೂ ದ್ವೀಪದ ನಮ್ಮ ಮರಳಿನ ಮೇಲೆಯೇ ಜೆನೋರಾಳ ಅಪ್ಪ ಥಿಯೊಫಿಲಸ್ ಕಟ್ಟಿಸಿದ್ದು. ರೋಸಾಲಿ ಎಂದರೆ ಜೆನೋರಾಳ ಅಮ್ಮ. ಹಡಗಿನ ಎದೆಯ ಎರಡೂ ಕಡೆ ಅವಳ ಹೆಸರನ್ನು ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದರು. ಅದು ಮೂವತ್ತು ವರ್ಷ ಸಿಮೆಂಟು, ಹಸು, ಈರುಳ್ಳಿ, ಕಸ್ಟಮ್ಸ್‌ನವರು ನೋಡಬಾರದ ವಿಸ್ಕಿ ಎಲ್ಲ ಹೊತ್ತು ದ್ವೀಪದಿಂದ ದ್ವೀಪಕ್ಕೆ ಓಡಿತು. ಹೆಸರು ಕೊಟ್ಟ ಅಮ್ಮ ಒಂದು ದಿನವೂ ಅದನ್ನು ಹತ್ತಲಿಲ್ಲ. ಕಾರಣ ಯಾರೂ ಕೇಳಲಿಲ್ಲ. ಅವಳಿಗೆ ಏಳು ಮಕ್ಕಳಿದ್ದರು.

ಜೆನೋರಾ ಹತ್ತಿದ್ದಳು, ಒಂದೇ ಸಲ. ಅವಳಿಗೆ ಆಗ ಹನ್ನೊಂದು. ಗ್ರೆನಡಾದಿಂದ ವಾಪಸಾಗುವಾಗ ಅಪ್ಪ ಅವಳನ್ನು ಚುಕ್ಕಾಣಿಯ ಚಕ್ರದ ಹಿಂದೆ ನಿಲ್ಲಿಸಿ, "ಗಾಳೀನ ಕಿವಿಯಲ್ಲಿ ಇಟ್ಕೋ, ಕೆನ್ನೆಗೆ ಬಂದರೆ ತಿದ್ದು" ಎಂದಷ್ಟೇ ಹೇಳಿ ತಂಬಾಕು ಸುತ್ತಲು ಕೂತಿದ್ದ. ಮುಂದಿನ ವರ್ಷ ಅವಳು ದೊಡ್ಡವಳಾದಳು. ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಹಡಗು ಹತ್ತಿದರು, ಅವಳು ದಡದಲ್ಲಿ ನಿಂತು ಅವರ ಬುತ್ತಿ ದೋಣಿಗೆ ಕೊಟ್ಟಳು.

ಅಪ್ಪ ಹೋದ ಮೇಲೆ ಹಡಗು ಕೈಬದಲಾಗಿ, ಕೊನೆಗೆ ಕೊಲ್ಲಿಯ ಮೂಲೆಯಲ್ಲಿ ಕೆಸರು ಕುಡಿಯುತ್ತ ಬಿದ್ದಿತ್ತು. ಸಿಪ್ರಿಯನ್ ಮತ್ತು ಕೆಲವರು ಸೇರಿ ಸಂಘ ಕಟ್ಟಿದರು: ಹಳೆಯ ಹಡಗನ್ನು ಉಳಿಸಬೇಕು, ಊರಿನವರೇ ದುಡಿಯಬೇಕು, ದುಡಿದವರೇ ಓಡಿಸಬೇಕು. ಚರ್ಚಿನ ಹಾಲಿನಲ್ಲಿ ಸಭೆ ನಡೆದಾಗ ಮೊದಲು ಕೈಯೆತ್ತಿದವರಲ್ಲಿ ಜೆನೋರಾಳೂ ಒಬ್ಬಳು. ಹಾಳೆಯಲ್ಲಿ ಹೆಸರಿನ ಮುಂದೆ 'ಹಲಗೆ ಮತ್ತು ಹಾಯಿ' ಎಂದು ತಾನೇ ಬರೆದಳು. ಅವಳಿಗೆ ಐವತ್ತನಾಲ್ಕು ಆಗಿತ್ತು.

ಎರಡು ವರ್ಷ ಶನಿವಾರಗಳು ಹಡಗಿಗೆ ಹೋದವು. ಉಬ್ಬರದಲ್ಲಿ ಹಡಗನ್ನು ತೀರಕ್ಕೆ ತಂದು, ಕೂವೆಮರದ ತುದಿಗೆ ಹಗ್ಗ ಕಟ್ಟಿ ಎಲ್ಲರೂ ಜಗ್ಗಿ, ಮಗ್ಗುಲಿಗೆ ಮಲಗಿಸಿ ಹೊಟ್ಟೆ ಕೆರೆದರು. ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ, ಸುತ್ತಿಗೆಯಲ್ಲಿ ಬಡಿದು, ಮೇಲೆ ಕೆಂಪು ಬಣ್ಣದ ಮೇಣ ಬಳಿದರು. ಜೆನೋರಾ ಬಡಿದ ಸಂದಿಯಲ್ಲಿ ಹನಿ ನೀರು ಇಳಿಯುತ್ತಿರಲಿಲ್ಲ. ಹಾಯಿಯ ಹರಿದ ಅಂಚುಗಳನ್ನು ಅವಳಷ್ಟು ಬೇಗ ಹೊಲಿಯುವವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಇದನ್ನು ಒಪ್ಪುತ್ತಿದ್ದರು, ಬೆಳಿಗ್ಗೆ ಹತ್ತರವರೆಗೆ.

ಹತ್ತಕ್ಕೆ ಯಾರಾದರೊಬ್ಬರು ತಲೆಯೆತ್ತಿ, "ತಾಂಟಿ ಜೆನೋರಾ, ಏನು ವಾಸನೆನೇ ಬರ್ತಿಲ್ವಲ್ಲ ಇವತ್ತು?" ಎನ್ನುತ್ತಿದ್ದರು. ತಾಂಟಿ ಎಂದರೆ ನಮ್ಮ ಕಡೆ ಚಿಕ್ಕಮ್ಮ.

ಸಹಾಯಕ್ಕೆ ಬಂದವರಿಗೆ ನಮ್ಮಲ್ಲಿ ಕೂಲಿಯಿಲ್ಲ, ಊಟ. ಮನೆಗೆ ಮಾಡು ಹಾಕುವಾಗಲೂ ಹಾಗೇ, ಹೊಲ ಅಗೆಯುವಾಗಲೂ ಹಾಗೇ, ದೋಣಿ ನೀರಿಗೆ ಇಳಿಸುವಾಗಲೂ ಹಾಗೇ. ಚೆಂದದ ಪದ್ಧತಿ. ಆದರೆ ಆ ಊಟ ಯಾರೋ ಒಬ್ಬರು ಮಾಡಬೇಕು, ಮತ್ತು ಅವರನ್ನು ಸಹಾಯಕ್ಕೆ ಬಂದವರು ಅಂತ ಯಾರೂ ಅನ್ನುವುದಿಲ್ಲ. ಹಡಗು ಥಿಯೊಫಿಲಸನದು, ಜೆನೋರಾ ಥಿಯೊಫಿಲಸನ ಮಗಳು, ಅಂದಮೇಲೆ ಬಂದವರೆಲ್ಲ ಅವಳ ಮನೆಗೇ ಬಂದ ಹಾಗೆ. ಅವಳು ಸುತ್ತಿಗೆ ಕೆಳಗಿಟ್ಟು, ಬೂರುಗದ ಮರದಡಿ ಮೂರು ಕಲ್ಲಿನ ಒಲೆ ಹೊತ್ತಿಸುತ್ತಿದ್ದಳು. ವರ್ಷದ ಕೊನೆಗೆ ಹಡಗಿನ ಮುಂದೆ ಎಲ್ಲರ ಫೋಟೋ ತೆಗೆದಾಗ ಅವಳು ಪಾತ್ರೆ ತೊಳೆಯಲು ಹೋಗಿದ್ದಳು.

ಸೋಮವಾರ ಬೆಳಿಗ್ಗೆ ಹಡಗು ಹೊರಟಾಗ ಅವಳ ಜಾಗ ಮೊದಲೇ ಗೊತ್ತಾಗಿತ್ತು. ಮುಂದಿನ ಕೂವೆಮರದ ಹಿಂದೆ, ಡೆಕ್ಕಿನ ಮೇಲೆ, ಬಟ್ಟೆಯ ಬೀರುವಿನಷ್ಟು ದೊಡ್ಡ ಮರದ ಗೂಡು. ಒಳಗೆ ಎರಡು ಉರಿಯ ಗ್ಯಾಸ್ ಒಲೆ, ಪಾತ್ರೆ ಜಾರದಂತೆ ಸುತ್ತ ಕಬ್ಬಿಣದ ಕಟ್ಟು. ನೇರ ನಿಂತರೆ ತಲೆ ತಾಗುತ್ತಿತ್ತು. ಕಿಟಕಿಯಿಲ್ಲ, ಹಿಂದಕ್ಕೆ ತೆರೆಯುವ ಬಾಗಿಲೊಂದೇ. ಆ ಬಾಗಿಲಿನಿಂದ ಸುರುಳಿ ಸುತ್ತಿದ ಹಗ್ಗಗಳು, ಯಾರದೋ ಕಾಲುಗಳು, ದೊಡ್ಡ ಕೂವೆಮರದ ಬುಡ ಕಾಣುತ್ತಿದ್ದವು. ಸಮುದ್ರ ಕಾಣಬೇಕೆಂದರೆ ಹಡಗು ವಾಲಬೇಕು.

ಕಟ್ಟಳೆ ಹೀಗಿತ್ತು. ಬೆಳಿಗ್ಗೆ ಲಂಗರು ಎತ್ತಿದ ಮೇಲೆ ದೊಡ್ಡ ಹಾಯಿಯನ್ನು ಏರಿಸುವ ಹಗ್ಗವನ್ನು ಎಲ್ಲರೂ ಸಾಲಾಗಿ ಹಿಡಿಯುತ್ತಾರೆ. ಹಗ್ಗದ ಮೇಲೆ ಕೈಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಆ ದಿನದ ಚುಕ್ಕಾಣಿ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಕೈ ಹಾಕದವರಿಗೆ ಇಲ್ಲ. ಸರದಿಗಾಗಿ ಜಗಳ ಆಗಬಾರದು, ಸೋಮಾರಿಗಳು ತಪ್ಪಿಸಿಕೊಳ್ಳಬಾರದು ಅಂತ ಥಿಯೊಫಿಲಸ್ ಮಾಡಿದ್ದು. ಅದರಲ್ಲಿ ಗಂಡಸು ಹೆಂಗಸು ಎಂಬ ಮಾತೇ ಇಲ್ಲ. ಯಾರೂ ಬೆರಳು ತೋರಿಸಲಾಗದಷ್ಟು ನ್ಯಾಯ.

ಹಾಯಿ ಏರುವುದು ಆರೂವರೆಗೆ. ಹಾಯಿ ಏರಿದ ತಕ್ಷಣ ತಿಂಡಿ. ಅಂದರೆ ಆರೂವರೆಗೆ, ಬೇಕ್ ಎಂಬ ನಮ್ಮ ರೊಟ್ಟಿ ಕರಿಯಲು, ಎಣ್ಣೆ ಕಾದಿರಬೇಕು.

ಮೊದಲ ದಿನ ಹಗ್ಗದ ಹಾಡು ಕೇಳಿಸಿದಾಗ ಜೆನೋರಾಳ ಎರಡು ಕೈಯೂ ಹಿಟ್ಟಿನಲ್ಲಿದ್ದವು. ಲಿಂಟನ್ ಎಂಬುವನು ಹಾಡು ಹೇಳಿ ಎಳೆಸುತ್ತಿದ್ದ. ನಲವತ್ತರ ಮೀನುಗಾರ, ಸುಮ್ಮನಿದ್ದರೆ ಸಾಯುತ್ತೇನೆ ಎನ್ನುವ ಹಾಗೆ ಮಾತಾಡುವವನು. ಅವಳು ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಹಾಯಿ ತುದಿ ಮುಟ್ಟಿ ಹಗ್ಗ ಬಿಗಿದಾಗಿತ್ತು.

"ಬಂದ್ಲು ನೋಡು, ಖಾಲಿ ಕೈಯಲ್ಲಿ!" ಎಂದ ಲಿಂಟನ್. "ಬೇಕ್ ಎಲ್ಲಿ ತಾಂಟಿ? ಗಾಳಿ ತಿನ್ನೋಕೆ ಹಾಯಿ ಇದೆ, ನಾವಲ್ಲ."

ಎರಡನೆಯ ದಿನ ಅವಳು ನಾಲ್ಕಕ್ಕೇ ಎದ್ದು ಹಿಟ್ಟು ನಾದಿ, ಕರಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ, ಕೋಕೋ ಕುದಿಸಿ ಮುಚ್ಚಿಟ್ಟು, ಆರಕ್ಕೇ ಹಗ್ಗದ ಬಳಿ ಹೋಗಿ ನಿಂತಳು. ಸಿಪ್ರಿಯನ್ ಒಂದು ರೊಟ್ಟಿ ಮುರಿದು ನೋಡಿದ.

"ತಣ್ಣಗಾಗಿದೆಯಲ್ಲ ಜೆನೋರಾ. ಪಾಪ, ಎಷ್ಟು ಹೊತ್ತಿಗೆ ಎದ್ದೆ? ನೀನ್ಯಾಕೆ ಇಲ್ಲಿ ಚಳಿಯಲ್ಲಿ? ಹೋಗು, ಹೋಗು. ನಾಲ್ಕು ಬಿಸಿಬಿಸಿ ಹಾಕಿಬಿಡು. ಹುಡುಗರು ಎಳೀತಾರೆ."

ಹುಡುಗರಲ್ಲಿ ಒಬ್ಬ ಅರವತ್ತೆಂಟರ ನಿವೃತ್ತ ಪೋಸ್ಟ್‌ಮಾಸ್ಟರ್. ಜೆನೋರಾ ಗೂಡಿಗೆ ಹೋದಳು. ಹೋದದ್ದಕ್ಕೆ ಆಮೇಲೆ ತನ್ನ ಮೇಲೇ ಸಿಟ್ಟಾದಳು. ಗದರಿದ್ದರೆ ನಿಲ್ಲುತ್ತಿದ್ದಳೇನೋ, 'ಪಾಪ' ಅಂದುಬಿಟ್ಟಿದ್ದ.

ಮೂರನೆಯ ದಿನ ಗಾಳಿ ಜೋರಿತ್ತು, ಅರ್ಧದಷ್ಟು ಜನ ವಾಂತಿ ಮಾಡುತ್ತಿದ್ದರು, ಅವರಿಗೆ ಗಂಜಿ ಬೇಕಿತ್ತು. ನಾಲ್ಕನೆಯ ದಿನ ಸೇಂಟ್ ಲೂಸಿಯಾ ಬಂತು. ಅಲ್ಲಿ ಶಾಲೆಯ ಮಕ್ಕಳು ಹಡಗು ನೋಡಲು ಬಂದರು. ಸಿಪ್ರಿಯನ್ ಒಬ್ಬೊಬ್ಬರನ್ನೇ ಪರಿಚಯಿಸುತ್ತ, "ಇವರು ಹಗ್ಗ, ಇವರು ಹಾಯಿ, ಇವರು ಲಂಗರು" ಎನ್ನುತ್ತ ಗೂಡಿನ ಮುಂದೆ ನಿಂತು, "ಇವಳು ನಮ್ಮೆಲ್ಲರ ತಾಯಿ" ಎಂದ. ಮಕ್ಕಳು ಚಪ್ಪಾಳೆ ತಟ್ಟಿದವು. ಸೌಟು ಹಿಡಿದೇ ಜೆನೋರಾ ನಕ್ಕಳು.

ಸಂಜೆ ಆಸ್ಬರ್ಟನ ಫೋನು.

"ಗುರುವಾರದ್ದು ಕಾಣಿಸ್ತಿಲ್ಲ."

"ಎಡಗಡೆ, ಮೂರನೇ ಸಾಲು."

"ಅದು ಶುಕ್ರವಾರದ್ದು."

"ಹಾಗಾದರೆ ಶುಕ್ರವಾರದ್ದು ತಿನ್ನಿ."

"ಇವತ್ತು ಗುರುವಾರ ಅಲ್ವೇನೇ?" ಎಂದ ಆಸ್ಬರ್ಟ್, ನೋವಾದವನ ಹಾಗೆ. ಆಮೇಲೆ, "ಹೇಗಿದೆ ಸಮುದ್ರ?"

ಜೆನೋರಾ ಯೋಚಿಸಿದಳು. ನಾಲ್ಕು ದಿನ ಅದರ ಮೇಲೆಯೇ ಇದ್ದರೂ ಅದನ್ನು ಸರಿಯಾಗಿ ನೋಡಿರಲಿಲ್ಲ. "ಅಲ್ಲಾಡ್ತಿದೆ" ಎಂದಳು.

ಹಡಗಿನಲ್ಲಿ ಇನ್ನೊಬ್ಬಳು ಹೆಂಗಸಿದ್ದಳು. ಕಿಶಾ, ಇಪ್ಪತ್ತಾರು, ಆಸ್ಪತ್ರೆಯಲ್ಲಿ ನರ್ಸು. ಕೂವೆಮರ ಹತ್ತಿ ತುದಿಯಲ್ಲಿ ಕೂತು ಕಾಲು ಆಡಿಸುವವಳು. ಮೊದಲ ದಿನವೇ ಸಿಪ್ರಿಯನ್ ಅವಳನ್ನು ತಾಂಟಿಗೆ ಸಹಾಯ ಮಾಡು ಎಂದು ಕಳಿಸಿದ್ದ. ಕಿಶಾ ಈರುಳ್ಳಿಯನ್ನು ಸಿಪ್ಪೆಸಮೇತ ಹೆಚ್ಚಿ, ಅನ್ನಕ್ಕೆ ಉಪ್ಪಿನ ಬದಲು ಸಕ್ಕರೆ ಹಾಕಿ, ಒಂದು ಗಂಟೆಯೊಳಗೆ ಹೊರಗೆ ಅಟ್ಟಿಸಿಕೊಂಡಿದ್ದಳು. "ಈಗಿನ ಹುಡುಗೀರು!" ಎಂದು ಗಂಡಸರೆಲ್ಲ ನಕ್ಕಿದ್ದರು. ಅವತ್ತಿನಿಂದ ಅವಳು ದಿನವೂ ಹಗ್ಗದಲ್ಲಿ ಎರಡನೆಯ ಕೈ.

ಆರನೆಯ ದಿನ ವಾಪಸು ಬರುತ್ತ ಸೇಂಟ್ ವಿನ್ಸೆಂಟಿನ ಮಗ್ಗುಲಲ್ಲಿ ಲಂಗರು ಹಾಕಿದಾಗ, ಜೆನೋರಾ ಅವಳನ್ನು ಗೂಡಿನ ಬಾಗಿಲಿಗೆ ಕರೆದಳು.

"ಕಿಶಾ, ನಾಳೆ ಒಂದು ದಿನ ಬೆಳಗಿನ ತಿಂಡಿ ನೀನು ನೋಡ್ಕೋ. ಹಿಟ್ಟು ನಾದಿ ಇಟ್ಟಿರ್ತೀನಿ. ಎಣ್ಣೆಗೆ ಬಿಡೋದಷ್ಟೇ. ನಾನು ಹಗ್ಗಕ್ಕೆ ಹೋಗ್ತೀನಿ."

"ನನಗೆ ಬರಲ್ಲ ತಾಂಟಿ."

"ಹೇಳಿಕೊಡ್ತೀನಿ."

ಕಿಶಾ ಹಿಂದೆ ಮುಂದೆ ನೋಡಿ ತಲೆ ಒಳಗೆ ಹಾಕಿದಳು. "ತಾಂಟಿ, ಸುಳ್ಳು ಯಾಕೆ ಹೇಳಲಿ. ನನಗೆ ಎಲ್ಲ ಬರುತ್ತೆ. ನಮ್ಮಮ್ಮ ಮಾರ್ಕೆಟ್ಟಲ್ಲಿ ಊಟದ ಅಂಗಡಿ ಇಟ್ಟಿದ್ದಳು, ಎಂಟು ವರ್ಷಕ್ಕೇ ನಾನು ಸ್ಟೂಲು ಹತ್ತಿ ಕರೀತಿದ್ದೆ. ಅವಳೇ ಹೇಳಿದ್ದು, ಗಂಡಸರಿರೋ ಕಡೆ ಹೋದರೆ ನೀರು ಕುದಿಸೋಕೂ ಬರಲ್ಲ ಅನ್ನು, ಅಂತ. ಒಂದು ಸಲ ಗೊತ್ತಾದರೆ ಮುಗೀತು."

"ಆ ಸಕ್ಕರೆ?"

"ಬೇಕು ಅಂತಲೇ ಹಾಕಿದ್ದು." ಕಿಶಾಳ ಮುಖ ಸಣ್ಣಗಾಯಿತು. "ಬೈಬೇಡ ತಾಂಟಿ. ನಾಳೆ ನಾನು ಇಲ್ಲಿ ನಿಂತೆ ಅಂದ್ಕೋ, ನಾಡಿದ್ದೂ ನಾನೇ, ಮುಂದಿನ ವರ್ಷವೂ ನಾನೇ. ನೀನು ಹೊರಗೆ ಬಂದ ಹಾಗಾಯ್ತು, ನಾನು ಒಳಗೆ ಹೋದ ಹಾಗಾಯ್ತು. ಗೂಡು ಖಾಲಿ ಆಗಲ್ಲ."

ಜೆನೋರಾ ಬೈಯಲಿಲ್ಲ. ಕೆಟ್ಟ ಅನ್ನವನ್ನು ಅವತ್ತು ತಾನೇ ಸಮುದ್ರಕ್ಕೆ ಚೆಲ್ಲಿ, ಮತ್ತೆ ಅಕ್ಕಿ ತೊಳೆದು, ಹುಡುಗಿಗೆ ಮುಜುಗರವಾಗದಿರಲಿ ಎಂದು ಯಾರಿಗೂ ಹೇಳದೆ ಇದ್ದದ್ದು ನೆನಪಾಯಿತು. ಹುಡುಗಿ ಹೋದ ಮೇಲೆ ಬಹಳ ಹೊತ್ತು ಮೀನಿನ ಮುಳ್ಳು ತೆಗೆಯುತ್ತ ಕೂತಳು. ತನಗೆ ಯಾರೂ ಇಂಥ ಬುದ್ಧಿ ಹೇಳಿರಲಿಲ್ಲ. ಅವಳ ಅಮ್ಮ ಹೇಳಿಕೊಟ್ಟದ್ದು ಅನ್ನ ತಳ ಹಿಡಿಯದ ಹಾಗೆ ಬೇಯಿಸುವುದನ್ನು. ಅದನ್ನು ಅವಳು ಎಷ್ಟು ಚೆನ್ನಾಗಿ ಕಲಿತಳೆಂದರೆ, ಬೇಕೆಂದು ಕೆಡಿಸಲು ಹೋದರೂ ಕೈ ತಾನಾಗಿ ಉರಿ ಸಣ್ಣದು ಮಾಡುತ್ತಿತ್ತು.

ಏಳನೆಯ ದಿನ ಬೆಕ್ವೆ ದ್ವೀಪದವರೆಗೆ ಸಣ್ಣ ಓಟ. ಅವತ್ತೂ ಅವಳು ಗೂಡಿನಲ್ಲೇ ಇದ್ದಳು. ಇನ್ನುಳಿದದ್ದು ಒಂದೇ ಬೆಳಗು, ಬೆಕ್ವೆಯಿಂದ ಮನೆಗೆ.

ಆ ಬೆಳಗು ಜೆನೋರಾ ಎದ್ದು, ಮುಖ ತೊಳೆದು, ತಲೆಗೆ ಬಟ್ಟೆ ಬಿಗಿದುಕೊಂಡು, ಒಲೆ ಹೊತ್ತಿಸದೆ ಗೂಡಿನ ಬಾಗಿಲು ಎಳೆದುಕೊಂಡಳು. ಹಗ್ಗದ ಬಳಿ ಹೋದಾಗ ಒಂಬತ್ತು ಜನ ಆಗಲೇ ಹಿಡಿದು ನಿಂತಿದ್ದರು. ಅವಳು ಬಾಲದ ತುದಿ ಹಿಡಿದಳು.

"ಅಯ್ಯೋ ದೇವರೇ" ಎಂದ ಲಿಂಟನ್, ತಿರುಗಿ ನೋಡಿ. "ಯಾರಿಗೆ ಹುಷಾರಿಲ್ಲ?"

"ಹಾಡು ಹೇಳು ಲಿಂಟನ್."

"ತಿಂಡಿ?"

"ಬಿಸ್ಕತ್ತಿದೆ, ಬಾಳೆಹಣ್ಣಿದೆ. ಹಾಡು ಹೇಳು."

ಸಿಪ್ರಿಯನ್ ಹಿಂದಿನಿಂದ ಬಂದ. "ಜೆನೋರಾ, ಏನಿದು? ಕೈ ಕುಯ್ಯುತ್ತೆ, ಬಿಡು."

"ಸಿಪ್ರಿ, ಈ ಹಾಯಿಯ ಅಂಚು ಹೊಲಿದದ್ದು ಯಾರು?"

ಅವನು ಹಾಯಿಯನ್ನು ನೋಡಿದ, ಅವಳನ್ನು ನೋಡಿದ. ಒಂಬತ್ತು ಜನ ಹಗ್ಗ ಹಿಡಿದು ಕಾಯುತ್ತಿದ್ದರು, ಗಾಳಿ ಬಂದಿತ್ತು. "ಸರಿ, ಎಳೀರಿ" ಎಂದ.

ಎಳೆದರು. ಲಿಂಟನ್ ಹಾಡಿದ, ಉಳಿದವರು ಸೊಲ್ಲು ಹಿಡಿದರು. ಪ್ರತಿ ಸೊಲ್ಲಿನ ಕೊನೆಗೆ ಹಗ್ಗ ಒಂದು ಮೊಳ ಹಿಂದಕ್ಕೆ ಬಂದು, ಜೆನೋರಾಳ ಕಾಲ ಬಳಿ ಸುರುಳಿ ಬಿತ್ತು. ಅಂಗೈ ನಿಜಕ್ಕೂ ಕುಯ್ಯಿತು. ತಲೆಯ ಮೇಲೆ ಹಾಯಿ ಏರಿ, ಒಮ್ಮೆ ಒದರಿ, ಗಾಳಿ ತುಂಬಿಕೊಂಡು ಸುಮ್ಮನಾದಾಗ ಎಂಟು ದಿನಗಳಲ್ಲಿ ಮೊದಲ ಬಾರಿ ಅದನ್ನು ಪೂರ್ತಿ ನೋಡಿದಳು.

ಹತ್ತನೆಯ ಕೈ, ಹತ್ತನೆಯ ಸರದಿ. ಏಳಕ್ಕೆ ಮೊದಲ ಸರದಿ ಎಂದು ಲೆಕ್ಕ ಹಾಕಿದರೆ ಹನ್ನೊಂದೂವರೆಗೆ ಬರುತ್ತಿತ್ತು, ಊರು ಎದುರಿಗೆ ಬರುವ ಹೊತ್ತಿಗೆ.

ಬೆಳಗೆಲ್ಲ ಅವಳು ಡೆಕ್ಕಿನ ಮೇಲೆ ಕೂತಳು. ಆರಾಮವಾಗಿ ಕೂತಳು ಎಂದು ಹೇಳುವಂತಿಲ್ಲ. ಬಿಸ್ಕತ್ತು ತಿಂದ ಹತ್ತು ಜನ ಅವಳ ಸುತ್ತ ಉಪವಾಸದ ಮುಖ ಹೊತ್ತು ಓಡಾಡುತ್ತಿದ್ದರು. ಪೋಸ್ಟ್‌ಮಾಸ್ಟರ್ ಒಂದೆರಡು ಸಲ ಹೊಟ್ಟೆ ಸವರಿಕೊಂಡು ನಿಟ್ಟುಸಿರಿಟ್ಟ. ಅವನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು ಎಂದು ಜೆನೋರಾಳಿಗೆ ಗೊತ್ತಿತ್ತು. ಹಡಗಿನಲ್ಲಿ ಯಾರಿಗೆ ಏನು ಆಗುವುದಿಲ್ಲ ಎಂಬುದೆಲ್ಲ ಅವಳೊಬ್ಬಳಿಗೇ ಗೊತ್ತಿತ್ತು. ಎರಡು ಸಲ ಏಳಲು ಹೋಗಿ ಕೂತಳು. ಮೂರನೆಯ ಸಲ ಕಿಶಾ ಬಾಳೆಹಣ್ಣು ತಂದು ಪೋಸ್ಟ್‌ಮಾಸ್ಟರನ ಕೈಗಿಟ್ಟು, ಜೆನೋರಾಳ ಕಡೆ ನೋಡದೆ ಹೋದಳು.

ಹನ್ನೊಂದಕ್ಕೆ ಲಿಂಟನ್ ಎದ್ದ. "ಆಯ್ತು. ನಾನೇ ಮಾಡ್ತೀನಿ. ನಮ್ಮಪ್ಪ ಆರುಬಾದಲ್ಲಿ ಕೂಲಿಗೆ ಇದ್ದಾಗ ಒಬ್ಬನೇ ಬೇಯಿಸ್ಕೊಂಡು ತಿಂತಿದ್ದ. ರಕ್ತದಲ್ಲೇ ಇದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಜೆನೋರಾಳಿಗೆ ಎಂಟು ದಿನಗಳಲ್ಲಿ ಮಕ್ಕಳ ಹೊರತು ಯಾರೂ ತಟ್ಟಿರಲಿಲ್ಲ.

ಹನ್ನೊಂದೂವರೆಗೆ ಸಿಪ್ರಿಯನ್ ಚಕ್ರದ ಪಕ್ಕ ನಿಂತು ಅವಳನ್ನು ನೋಡಿದ. "ಬರ್ತೀಯಾ? ಅಥವಾ ಇಲ್ಲಿಂದ ನಾನೇ ತಗೊಳ್ಳಲಾ? ಊರ ಮುಂದೆ ಸ್ವಲ್ಪ ಸೂಕ್ಷ್ಮ."

"ಬರ್ತೀನಿ."

ಚಕ್ರದ ಹಿಡಿಗಳು ಸವೆದು ನುಣುಪಾಗಿದ್ದವು. ಎಡಗಿವಿಯಲ್ಲಿ ಗಾಳಿ ಇತ್ತು. ಹಡಗು ಅವಳ ಕೈಯಲ್ಲಿ ದೊಡ್ಡ ಹಸುವಿನ ಹಾಗೆ ಒಮ್ಮೆ ಆಚೆ ಜಗ್ಗಿ ನೋಡಿ, ಇವಳು ಬಿಡುವವಳಲ್ಲ ಅಂತ ತಿಳಿದು ನೇರ ನಡೆಯತೊಡಗಿತು. ಎರಡೂ ಬದಿಗೆ ನೀರು, ಅವಳು ನೋಡಿದಷ್ಟು ದೂರ. ಬಾಯಿ ತೆರೆದು ಉಸಿರು ತೆಗೆದುಕೊಂಡಳು.

"ತಾಂಟಿ!" ಗೂಡಿನಿಂದ ಲಿಂಟನ್. "ಅಕ್ಕಿ ಎಲ್ಲಿ?"

"ನೀಲಿ ಡಬ್ಬಿ!"

"ನೀರೆಷ್ಟು?"

"ಒಂದಕ್ಕೆ ಎರಡು!"

"ಏನು ಒಂದಕ್ಕೆ?"

"ಲೋಟ ಕಣೋ, ಲೋಟ!"

"ಯಾವ ಲೋಟ? ಇಲ್ಲಿ ಮೂರಿವೆ. ಉಪ್ಪು ಈಗಲೋ ಆಮೇಲೋ? ಈ ಒಲೆ ಯಾಕೆ ಹೀಗೆ ಬುಸುಗುಡ್ತಿದೆ?"

ಜೆನೋರಾ ಕತ್ತು ಚಾಚಿ ಗೂಡಿನ ಕಡೆ ನೋಡಿ ಹೇಳುತ್ತಲೇ ಇದ್ದಳು. ಗಾಳಿ ಕಿವಿಯಿಂದ ಕೆನ್ನೆಗೆ ಬಂದದ್ದು ತಿಳಿಯಲಿಲ್ಲ. ದೊಡ್ಡ ಹಾಯಿಯ ಅಂಚು ಪಟಪಟನೆ ಬಡಿಯಿತು.

"ಗಾಳಿ ನೋಡು ಜೆನೋರಾ!" ಸಿಪ್ರಿಯನ್ ಕೂಗಿದ. ಅವಳು ತಿದ್ದಿದಳು. ಹಾಯಿ ಸುಮ್ಮನಾಯಿತು.

"ತಾಂಟಿ, ಉಕ್ತಾ ಇದೆ!"

ಸಿಪ್ರಿಯನ್ ಹತ್ತಿರ ಬಂದು ಚಕ್ರದ ಮೇಲೆ ಅವಳ ಕೈಯ ಪಕ್ಕದಲ್ಲೇ ತನ್ನ ಕೈಯಿಟ್ಟ. ಒರಟಾಗಿ ಅಲ್ಲ, ಬಹಳ ಮೃದುವಾಗಿ. "ಐದು ನಿಮಿಷ ನಾನು ಹಿಡಿದಿರ್ತೀನಿ. ಹೋಗಿ ಪಾತ್ರೆ ನೋಡಿ ಬಾ. ನಿನ್ನ ಸರದಿ ನಿನಗೇ, ಎಲ್ಲೂ ಹೋಗಲ್ಲ. ಹಸಿದಿದಾರೆ ಪಾಪ."

ಮತ್ತೆ ಪಾಪ. ಐದು ನಿಮಿಷ ಎಂದರೆ ಏನೆಂದು ಜೆನೋರಾ ಐವತ್ತಾರು ವರ್ಷದಿಂದ ಬಲ್ಲಳು. ಪಾತ್ರೆ ಇಳಿಸಿದರೆ ಮೀನು, ಮೀನಾದರೆ ತಟ್ಟೆಗಳು, ತಟ್ಟೆಗಳಾದರೆ ಊರು. ಅವಳು ಕೈ ತೆಗೆಯಲಿಲ್ಲ. ಸಿಪ್ರಿಯನ್‌ನ ಕೈಯೂ ಅಲ್ಲೇ ಇತ್ತು. ಒಂದು ಅಲೆ ಬಂದು ಹೋಯಿತು, ಇನ್ನೊಂದು ಬಂತು.

"ಕ್ಯಾಪ್ಟನ್" ಎಂದಳು. ಅವನನ್ನು ಹಾಗೆ ಅವಳು ಎಂದೂ ಕರೆದಿರಲಿಲ್ಲ. "ಎರಡು ಕೈ ಇದ್ದರೆ ಹಡಗಿಗೆ ದಿಕ್ಕು ತಿಳಿಯಲ್ಲ."

ಅವನು ಕೈ ತೆಗೆದ.

"ತಾಂಟಿ! ತಾಂಟೀ!"

ಜೆನೋರಾ ಹಾಯಿಯ ಅಂಚಿನ ಮೇಲೆ ಕಣ್ಣಿಟ್ಟಳು. ಸ್ವಲ್ಪ ಹೊತ್ತಿಗೆ ಅನ್ನ ತಳ ಹಿಡಿದ ವಾಸನೆ ಡೆಕ್ಕಿನ ಉದ್ದಕ್ಕೂ ಬಂತು. ಅವಳ ಕಾಲು ತಾನಾಗಿ ಗೂಡಿನ ಕಡೆ ಒಂದು ಹೆಜ್ಜೆ ಇಟ್ಟಿತು. ಕೈಗಳು ಚಕ್ರವನ್ನು ಇನ್ನೂ ಬಿಗಿಯಾಗಿ ಹಿಡಿದವು. ಎದುರಿಗೆ ಊರು ಬೆಳೆಯುತ್ತಿತ್ತು. ಮೊದಲು ನೀಲಿ ಗುಡ್ಡ, ಆಮೇಲೆ ಹಸಿರು, ಈಗ ಕೆಂಪು ಮಾಡುಗಳು ಒಂದೊಂದೇ. ಹಡಗನ್ನು ನೇರ ಇಟ್ಟಷ್ಟೂ ಅವು ಬೇಗ ಬರುತ್ತಿದ್ದವು. ಇಷ್ಟು ಕಾದು ಕೈಗೆ ಬಂದ ಚುಕ್ಕಾಣಿ ಹೋಗುವ ದಿಕ್ಕು ಒಂದೇ, ಮತ್ತು ಅಲ್ಲಿಗೆ ಅವಳನ್ನು ಅವಳೇ ಒಯ್ಯುತ್ತಿದ್ದಳು.

ಅವಳು ಚಕ್ರವನ್ನು ಬಲಕ್ಕೆ ಒಂದು ಹಿಡಿಯಷ್ಟು ಬಿಟ್ಟಳು. ಹಡಗಿನ ಮೂತಿ ಗುಡ್ಡದಿಂದ ಜಾರಿ, ಬರೀ ನೀರಿನ ಕಡೆ ತಿರುಗಿತು.

"ಎಲ್ಲಿಗೆ ಹೋಗ್ತಿದೀಯ?" ಎಂದ ಸಿಪ್ರಿಯನ್. "ಪಶ್ಚಿಮಕ್ಕೆ ಹೋದರೆ ಗಾಳಿಗೆ ಎದುರಾಗಿ ವಾಪಸ್ ಏರಬೇಕು. ಒಂದು ಗಂಟೆ ತಡ ಆಗುತ್ತೆ."

"ಗೊತ್ತು."

"ದಡದಲ್ಲಿ ಆಸ್ಬರ್ಟ್ ಕಾಯ್ತಿರ್ತಾನೆ."

"ಕಾಯಲಿ. ನನ್ನ ಅರ್ಧ ಗಂಟೆ ಮುಗಿದಿಲ್ಲ."

ಸಿಪ್ರಿಯನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಬಯ್ಯಬಹುದಿತ್ತು, ಬಯ್ಯಲಿಲ್ಲ. ಹಡಗಿನ ಅಂಚಿನ ಕಂಬಿಗೆ ಒರಗಿ ನೀರು ನೋಡುತ್ತ ನಿಂತ.

ಲಿಂಟನ್ ತಟ್ಟೆಗಳನ್ನು ತಂದ. ಮೇಲೆ ಅರೆಬೆಂದ, ಕೆಳಗೆ ಸೀದ ಅನ್ನ. ಎಲ್ಲರೂ ತಿಂದರು. ಜೆನೋರಾಳಿಗೂ ಒಂದು ತಟ್ಟೆ ಬಂತು. ಕಿಶಾ ಅದನ್ನು ಎತ್ತಿ ಹಿಡಿದು ನಿಂತಳು, ಜೆನೋರಾ ಒಂದು ಕೈ ಚಕ್ರದ ಮೇಲಿಟ್ಟು ಇನ್ನೊಂದು ಕೈಯಲ್ಲಿ ತಿಂದಳು. ಕಹಿಯಾಗಿತ್ತು. ಪೂರ್ತಿ ತಿಂದಳು.

ಹನ್ನೆರಡಕ್ಕೆ ಚಕ್ರವನ್ನು ಸಿಪ್ರಿಯನ್‌ಗೆ ಒಪ್ಪಿಸಿದಳು. ಅವನು ಹಡಗನ್ನು ಊರಿನ ಕಡೆ ತಿರುಗಿಸಿದ. ಹಾಯಿಗಳನ್ನು ಬಿಗಿ ಎಳೆದರು, ಗಾಳಿಗೆ ಎದುರಾಗಿ ಆಚೆ ಈಚೆ ಏರುವ ಓಟ ಶುರುವಾಯಿತು. ಜೆನೋರಾ ಗೂಡಿನ ಬಳಿ ಬಂದು ನೋಡಿದಳು. ಬಾಗಿಲ ಮುಂದೆ, ಡೆಕ್ಕಿನ ಮೇಲೆ, ತಳ ಸುಟ್ಟ ದೊಡ್ಡ ಪಾತ್ರೆ ಸಮುದ್ರದ ನೀರು ತುಂಬಿಕೊಂಡು ಕೂತಿತ್ತು. ಪಕ್ಕದಲ್ಲಿ ಹನ್ನೊಂದು ತಟ್ಟೆ. ಎಲ್ಲವನ್ನೂ ಒಪ್ಪವಾಗಿ ಜೋಡಿಸಿ, ಮೇಲೆ ತೆಂಗಿನ ನಾರು ಕೂಡ ಇಟ್ಟಿದ್ದರು.

"ನೆನೆಹಾಕಿದೀನಿ ತಾಂಟಿ" ಎಂದ ಲಿಂಟನ್, ದೊಡ್ಡ ಉಪಕಾರ ಮಾಡಿದವನ ಹಾಗೆ. "ನಿನಗೆ ತಿಕ್ಕೋಕೆ ಸುಲಭ ಆಗಲಿ ಅಂತ."

ಜೆನೋರಾ ನಾರು ಎತ್ತಿಕೊಂಡಳು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು, ಮತ್ತೆ ಇ‌ದ್ದಲ್ಲೇ ಇಟ್ಟಳು. ಪಾತ್ರೆಯ ಪಕ್ಕದಲ್ಲೇ, ಗೂಡಿನ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು.

ಹಡಗು ವಾಲಿದಾಗೆಲ್ಲ ಕಪ್ಪು ನೀರು ಅಂಚಿನಿಂದ ತುಳುಕಿ ಡೆಕ್ಕಿಗೆ ಹರಿಯಿತು. ಹಗ್ಗಕ್ಕೆ ಓಡುವವರು ಪಾತ್ರೆಯನ್ನು ದಾಟಿ ಓಡಿದರು. ಪೋಸ್ಟ್‌ಮಾಸ್ಟರ್ ಎಡವಿ, "ಇದನ್ನ ಯಾರಾದರೂ ತೆಗೀರಪ್ಪಾ" ಎಂದ. ಎಲ್ಲರೂ ಜೆನೋರಾಳ ಕಡೆ ನೋಡಿದರು.

"ನೆನೀತಿದೆ" ಎಂದಳು ಅವಳು.

ಲಂಗರು ಬೀಳುವವರೆಗೂ ಅದನ್ನು ಯಾರೂ ಮುಟ್ಟಲಿಲ್ಲ. ಅವಳೂ ಮುಟ್ಟಲಿಲ್ಲ; ಆದರೆ ಅದರ ಮೇಲಿಂದ ಕಣ್ಣು ತೆಗೆಯಲೂ ಅವಳಿಂದ ಆಗಲಿಲ್ಲ.